ಬಾಟಲಿಗೂ ಒಂದು ಡಿಗ್ರಿ

ಊಟ ಮುಗಿಸಿ ಗೋಡೆಗೆ ಒರಗಿ ಕೂತರೆ ಸಾಕು, ನನ್ನ ಎಡಗೈ ಇವತ್ತಿಗೂ ತನ್ನ ಪಾಡಿಗೆ ತಾನು ಎದ್ದು ಹೊಟ್ಟೆಯ ಮೇಲೆ ಕೂರಲು ಹೋಗುತ್ತದೆ. ಹೊಟ್ಟೆ ಇದ್ದ ಜಾಗದಲ್ಲಿ ಹೊಟ್ಟೆ ಇಲ್ಲ. ಕೈ ಒಂದು ಗಳಿಗೆ ಗಾಳಿಯಲ್ಲಿ ತಡವರಿಸಿ, ಪೆಚ್ಚಾಗಿ ತೊಡೆಯ ಮೇಲೆ ಬೀಳುತ್ತದೆ. ನನ್ನ ಹೆಂಡತಿ ರತ್ನ ಇದನ್ನು ನೋಡಿದಾಗಲೆಲ್ಲ, "ಬಸ್ಸು ಹೋಗಿ ಎಷ್ಟು ಕಾಲ ಆಯ್ತು, ಇನ್ನೂ ಸ್ಟಾಪಿನಲ್ಲೇ ನಿಂತಿದೀರಲ್ಲ" ಅನ್ನುತ್ತಾಳೆ.

ಆ ಹೊಟ್ಟೆಯನ್ನು ನೀವು ನೋಡಿಲ್ಲ. ಹಾಗಾಗಿ ಸ್ವಲ್ಪ ಹೇಳಬೇಕು. ಬನಿಯನ್ನಿನ ಕೆಳಗಿನ ಅಂಚು ಅದನ್ನು ಮುಚ್ಚಲಾರದೆ ಸೋತು ಮೇಲಕ್ಕೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಬೆಲ್ಟನ್ನು ಹೊಟ್ಟೆಯ ಮೇಲೆ ಕಟ್ಟಬೇಕೋ ಕೆಳಗೆ ಕಟ್ಟಬೇಕೋ ಎಂಬುದನ್ನು ನಾನು ಕೊನೆಯವರೆಗೂ ತೀರ್ಮಾನ ಮಾಡಲಿಲ್ಲ. ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ನಾನು ಚರಿತ್ರೆ ಹೇಳಿಕೊಡುವ ಮೇಷ್ಟ್ರು. ಕೈಯೆತ್ತಿ ಬೋರ್ಡಿನ ಮೇಲ್ಭಾಗದಲ್ಲಿ ಏನಾದರೂ ಬರೆಯಲು ಹೋದರೆ, ಕೆಳಗೆ ಬರೆದಿದ್ದನ್ನು ನನ್ನ ಹೊಟ್ಟೆ ಅಳಿಸಿಬಿಡುತ್ತಿತ್ತು. ಅಶೋಕನ ಸಾಮ್ರಾಜ್ಯದ ದಕ್ಷಿಣದ ಗಡಿ ಎಷ್ಟೋ ಸಲ ನನ್ನ ಅಂಗಿಗೆ ಅಂಟಿಕೊಂಡು ಸ್ಟಾಫ್ ರೂಮಿಗೆ ಬಂದಿದೆ.

ನಮ್ಮೂರು ಮುಳಬಾಗಿಲು ತಾಲ್ಲೂಕಿನದು. ಕುರುಡುಮಲೆಗೆ ನಡೆದು ಹೋಗಿ ಬರುವಷ್ಟು ದೂರ. ಅಷ್ಟು ಎತ್ತರದ ಗಣೇಶನನ್ನು ಪಕ್ಕದಲ್ಲೇ ಇಟ್ಟುಕೊಂಡ ಜನಕ್ಕೆ ಇನ್ನೊಬ್ಬರ ಹೊಟ್ಟೆಗೆ ಹೆಸರಿಡುವುದು ಎಷ್ಟರ ಕೆಲಸ? ರಜೆಗೆ ಊರಿಗೆ ಬಂದು ಬಸ್ಸಿಳಿಯುತ್ತಿದ್ದ ಹಾಗೆ, "ಲೇ, ಕುರುಡುಮಲೆಯೋನು ಎದ್ದು ಬಂದ ನೋಡ್ರೋ, ಕಡುಬು ಮಾಡ್ಸಿ" ಎಂದು ಕಟ್ಟೆಯ ಮೇಲೆ ಕೂತವರು ಕೂಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನಮ್ಮಮ್ಮ ಮುನಿವೆಂಕಟಮ್ಮನಿಗೆ ಮಾತ್ರ ಇದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು. ನನ್ನ ಹೊಟ್ಟೆ ಅವಳ ಕಷ್ಟಕ್ಕೆ ಸಿಕ್ಕ ಫಲ. ಬೇರೆಯವರು ಮನೆಯ ಮುಂದೆ ಹುಲ್ಲಿನ ಬಣವೆ ಒಟ್ಟಿ ಸಂತೋಷಪಟ್ಟರೆ, ಇವಳು ನನ್ನನ್ನು ಜಗಲಿಯ ಮೇಲೆ ಕೂರಿಸಿ ಸಂತೋಷಪಡುತ್ತಿದ್ದಳು.

ಅವಳನ್ನೇನೂ ತಪ್ಪು ಅನ್ನುವ ಹಾಗಿಲ್ಲ. ನಾನು ಹುಡುಗನಾಗಿದ್ದಾಗ ನನ್ನ ಹೊಟ್ಟೆ ಬೆನ್ನಿಗೆ ಹತ್ತಿಕೊಂಡಿತ್ತು. ಮನೆಯಲ್ಲಿ ಒಂದು ಹಸು ಇತ್ತು ನಿಜ, ಆದರೆ ಅದರ ಹಾಲು ಮುಳಬಾಗಿಲಿನ ಕಾಫಿ ಹೋಟೆಲಿನದು. ಅಮ್ಮ ಕರೆದು ಮುಗಿಸಿ ಹಾಲನ್ನು ಕ್ಯಾನಿಗೆ ಸುರಿದ ಮೇಲೆ ಚೆಂಬಿನ ಒಳಗೆ ನೊರೆ ಉಳಿಯುತ್ತಿತ್ತಲ್ಲ, ಅದು ನನ್ನದು. ತೋರುಬೆರಳಿನಲ್ಲಿ ಚೆಂಬನ್ನು ಸುತ್ತಲೂ ಬಳಿದು ನೆಕ್ಕುತ್ತಿದ್ದೆ. ನೊರೆಯಲ್ಲಿ ಹಾಲಿನ ರುಚಿ ಇರುತ್ತದೆ, ಹಾಲು ಇರುವುದಿಲ್ಲ. ಬಾಯೊಳಗೆ ಹೋದದ್ದೇ ಎಲ್ಲಿ ಹೋಯಿತು ಅಂತ ಹುಡುಕಬೇಕು. ಅಮ್ಮ ಅದನ್ನು ನೋಡುತ್ತಾ ನಿಂತಿರುತ್ತಿದ್ದಳು. ಒಂದು ಲೋಟ ನೀರು ಬೆರೆಸಿದ್ದರೆ ಹೋಟೆಲಿನವರಿಗೂ ಆಗುತ್ತಿತ್ತು, ನನಗೂ ಒಂದು ಲೋಟ ಹಾಲು ಮಿಗುತ್ತಿತ್ತು. ನಮ್ಮ ಬೀದಿಯಲ್ಲಿ ಹಾಗೆ ಮಾಡುವವರು ಇರಲಿಲ್ಲವೆಂದೇನೂ ಅಲ್ಲ. ಅಮ್ಮ ಮಾಡಲಿಲ್ಲ.

ಆಮೇಲೆ ಊರಿಗೆ ಡೈರಿ ಬಂತು. ಎರಡು ಹೊತ್ತೂ ಡೈರಿಯ ಮುಂದೆ ಹೆಂಗಸರ ಸಾಲು ನಿಲ್ಲತೊಡಗಿತು. ಹಾಲಿನೊಳಗೆ ಇಳಿಬಿಡುವ ಗಾಜಿನ ಕಡ್ಡಿಗೆ ನಮ್ಮವರು ಮೀಟ್ರು ಅನ್ನುತ್ತಾರೆ. ಅದು ತೋರಿಸುವುದಕ್ಕೆ ಡಿಗ್ರಿ ಅನ್ನುತ್ತಾರೆ. ಒಳ್ಳೆಯ ಹಾಲಿನಲ್ಲಿ ಮೀಟ್ರು ತಲೆಯೆತ್ತಿ ನಿಲ್ಲುತ್ತದೆ. ನೀರು ಬಿದ್ದ ಹಾಲಿನಲ್ಲಿ ನಾಚಿಕೊಂಡಂತೆ ಮುಳುಗುತ್ತದೆ. ಡೈರಿಯ ಸೆಕ್ರೆಟರಿ ವೆಂಕಟೇಶಪ್ಪ ಮೊದಮೊದಲು ಎಲ್ಲರ ಹಾಲಿಗೂ ಮೀಟ್ರು ಹಾಕುತ್ತಿದ್ದವನು, ಅಮ್ಮನ ಸರದಿ ಬಂದಾಗ ಹಾಕುವುದನ್ನೇ ಬಿಟ್ಟ. ಯಾರೋ ಕೇಳಿದ್ದಕ್ಕೆ, "ಅಕ್ಕಯ್ಯನ ಹಾಲ್ಗೆ ಮೀಟ್ರು ಇಕ್ಕಿದ್ರೆ ಮೀಟ್ರಿಗೇ ಅವಮಾನ ಕಣಮ್ಮ" ಎಂದನಂತೆ. ಅಮ್ಮ ಇದನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ. ಹೇಳುವಾಗ ಯಾವತ್ತೂ ಬೇರೆ ಕಡೆ ನೋಡಿಕೊಂಡು, ಏನೋ ಸಾಮಾನ್ಯ ವಿಷಯ ಎಂಬಂತೆ ಹೇಳುತ್ತಿದ್ದಳು.

ಹಾಗಾಗಿ ನಮ್ಮ ಮನೆಗೆ ಡಿಗ್ರಿ ಎಂಬ ಮಾತು ನನಗಿಂತ ಮೊದಲು ಬಂದದ್ದು ಅಮ್ಮನ ಮೂಲಕವೇ. ನನ್ನದು ನಿಧಾನವಾಯಿತು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಮನುಷ್ಯ ನಾನು. ಬೆಳಿಗ್ಗೆ ಕೋಲಾರದ ಕಾಲೇಜು, ಸಾಯಂಕಾಲ ರೇಷ್ಮೆಗೂಡಿನ ಮಂಡಿಯಲ್ಲಿ ತಕ್ಕಡಿ ಹಿಡಿಯುವ ಕೆಲಸ. ಬಿ.ಎ.ನಲ್ಲಿ ಇಂಗ್ಲಿಷ್ ಎರಡು ಸಲ ಕೈಕೊಟ್ಟು ಮೂರನೇ ಸಲ ಕೈಗೆ ಬಂತು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಒಂದೇ ಏಟಿಗೆ ಪಾಸಾದವರಿಗೆ ತಾವು ಪಾಸಾದದ್ದು ಒಂದು ಸಲ ಗೊತ್ತಾಗುತ್ತದೆ, ನನಗೆ ಈಗಲೂ ದಿನಾ ಗೊತ್ತಾಗುತ್ತದೆ. ರಿಸಲ್ಟ್ ಬಂದ ದಿನ ಅಮ್ಮ ಡೈರಿಯ ಸಾಲಿನಲ್ಲಿ ನಿಂತು, "ನನ್ ಹಾಲ್ಗೂ ಡಿಗ್ರಿ ಐತೆ, ನನ್ ಮಗನ್ಗೂ ಡಿಗ್ರಿ ಬಂತು" ಅಂದಳು. ಇಂಥ ಮಾತನ್ನು ನಾನು ಬಿ.ಎ. ಓದಿದರೂ ಕಟ್ಟಲಾರೆ.

ಕೆಲಸ ಸಿಕ್ಕಿ ಶ್ರೀನಿವಾಸಪುರಕ್ಕೆ ಹೋದೆ. ಅಲ್ಲಿಯ ಮಾವಿನಹಣ್ಣಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಹುಡುಗರ ಮನೆಗಳಿಂದ ಬುಟ್ಟಿ ಬುಟ್ಟಿ ಬರುತ್ತಿತ್ತು. ಚಿಕ್ಕಂದಿನಿಂದ ನೊರೆ ನೆಕ್ಕಿದ ನಾಲಿಗೆ, ಸಾಕು ಅನ್ನುವ ಮಾತನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಮದುವೆಯಾಗಿ ರತ್ನ ಬಂದಳು, ಅವಳ ಕೈಯಡುಗೆಯೂ ಚೆನ್ನಾಗಿತ್ತು. ಹೊಟ್ಟೆ ಬಂತು, ಬೆಳೆಯಿತು, ಇಳಿಬಿತ್ತು. ಎಂಬತ್ತರ ದಶಕದ ನಡುವೆ ಒಂದು ದಿನ ಸ್ಕೂಲಿನ ಬೀರು ಸರಿಸಲು ಹೋಗಿ ಹೊಕ್ಕುಳ ಹತ್ತಿರ ಏನೋ ಪುಸಕ್ಕೆಂದು ಹೊರಬಂದು ನಿಂತುಬಿಟ್ಟಿತು.

ಕೋಲಾರದ ಸರ್ಜನ್ ನನ್ನನ್ನು ಮಲಗಿಸಿ, ಹೊಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು. ಸಂತೆಯಲ್ಲಿ ಕುಂಬಳಕಾಯಿ ಎತ್ತಿ ನೋಡುತ್ತಾರಲ್ಲ, ಹಾಗೆ. "ಹರ್ನಿಯಾ ಮೇಷ್ಟ್ರೇ. ಹೊಲಿದುಬಿಡಬಹುದು. ಆದ್ರೆ ಈ ಜೋಳಿಗೆ ಹೀಗೇ ಜೋತಾಡ್ತಿದ್ರೆ ನನ್ನ ಹೊಲಿಗೆ ನಿಲ್ಲಲ್ಲ. ಇದನ್ನೂ ಕೊಯ್ದು ತೆಗೆದು ನಿಮ್ಮ ತೂಕ ಇಳಿಸಿಬಿಡೋಣ" ಎಂದರು.

ಆಪರೇಷನ್ ಆಯಿತು. ಎಚ್ಚರವಾದಾಗ ನನ್ನ ಕಿವಿಗೆ ಬಿದ್ದ ಮೊದಲ ಮಾತು ಅಮ್ಮನದು. ನರ್ಸನ್ನು ನಿಲ್ಲಿಸಿಕೊಂಡು, "ಕೊಯ್ದಿದ್ನ ಎಲ್ಲಿ ಹಾಕಿದ್ರಮ್ಮ? ನಾನು ಅಷ್ಟು ವರ್ಷ ಸಾಕಿದ್ದು" ಎಂದು ಕೇಳುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಪ್ಪನೂ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದವನು. ಮೊದಲ ಸಲ ಕೊಯ್ದಾಗ ನಡೆದುಕೊಂಡು ಮನೆಗೆ ಬಂದ. ಎರಡನೇ ಸಲ ಕೊಯ್ಯಬೇಕಾಗಿ ಬಂತು, ಆಗ ಬರಲಿಲ್ಲ. ಆಗ ನಾನು ತೀರಾ ಚಿಕ್ಕವನು. ಅಮ್ಮ ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. "ಮೊದಲನೇದು ಪರವಾಗಿಲ್ಲ, ಎರಡನೇದು ಆಗ್ಬಾರ್ದು" ಎಂದಷ್ಟೇ ಯಾರಿಗೆ ಆಪರೇಷನ್ ಆದರೂ ಹೇಳುತ್ತಿದ್ದಳು. ನನಗೂ ಅದು ರಕ್ತದಲ್ಲಿ ಇಳಿದುಬಿಟ್ಟಿತ್ತು.

ವಾರ್ಡಿನಲ್ಲಿ ಮಂಚಗಳಿಗೆ ಜಗಳ. ಹೊಲಿಗೆ ಬಿಚ್ಚಿದ ಮೇಲೆ ನನ್ನನ್ನು ಮನೆಗೆ ಕಳಿಸಿದರು, ಆದರೆ ಒಂಟಿಯಾಗಿ ಕಳಿಸಲಿಲ್ಲ. ಹೊಟ್ಟೆಯ ಎಡಪಕ್ಕದಲ್ಲಿ ಒಂದು ತೂತು, ಅದರಿಂದ ಹೊರಬಂದ ರಬ್ಬರ್ ಕೊಳವೆ, ಕೊಳವೆಯ ತುದಿಗೆ ಒಂದು ಗಾಜಿನ ಬಾಟಲಿ. ಕೊಬ್ಬು ಕಿತ್ತ ಜಾಗದಲ್ಲಿ ಊರುವ ಕೆಂಪು ನೀರು ತೊಟ್ಟು ತೊಟ್ಟಾಗಿ ಬಾಟಲಿಗೆ ಇಳಿಯಬೇಕು. ಅದನ್ನು ಅಳೆಯಲು ಗೀಟುಗಳಿದ್ದ ಒಂದು ಗಾಜಿನ ಲೋಟವನ್ನೂ ಕೊಟ್ಟರು.

ಹೊರಡುವಾಗ ಬುದ್ಧಿಮಾತು ಎರಡು ಭಾಗವಾಗಿ ಬಂತು. ಸರ್ಜನ್ ನನಗೆ ಇಂಗ್ಲಿಷಿನಲ್ಲಿ ಹೇಳಿದರು: ದಿನದಿಂದ ದಿನಕ್ಕೆ ನೀರು ಕಡಿಮೆಯಾಗಬೇಕು, ಲೋಟದ ಕೆಳಗಿನ ಗೀಟಿಗೆ ಇಳಿದರೆ ಬನ್ನಿ, ಕೊಳವೆ ಎಳೆದುಹಾಕುತ್ತೇನೆ, ಇಳಿಯದಿದ್ದರೂ ಬನ್ನಿ, ಮತ್ತೆ ತೆರೆದು ನೋಡಬೇಕಾದೀತು. ಒಬ್ಬ ಸರ್ಜನ್ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾರೆ, ನಾನು ಮಧ್ಯೆ ಮಧ್ಯೆ "ಎಸ್ ಸರ್" ಅನ್ನುತ್ತಿದ್ದೇನೆ! ಮೂರು ಸಲ ಬರೆದ ಪರೀಕ್ಷೆ ಆವತ್ತು ಸಾರ್ಥಕವಾಯಿತು. ಅದೇ ಹೊತ್ತಿಗೆ ಬಾಗಿಲ ಹತ್ತಿರ ನರ್ಸು ಅಮ್ಮನಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು: "ಚೆಡ್ಡ ನೀಳ್ಳಂತಾ ಬಯಟಿಕಿ ರಾವಾಲಮ್ಮಾ. ಲೋಪಲ ನಿಲಿಸ್ತೇ ಚೀಮು ಪಡ್ತುಂದಿ." ಕೆಟ್ಟ ನೀರೆಲ್ಲ ಹೊರಗೆ ಬರಬೇಕು, ಒಳಗೆ ನಿಂತರೆ ಕೀವಾಗುತ್ತದೆ ಅಂತ. ಎರಡೂ ಸರಿಯಾದ ಮಾತೇ. ಒಂದು ನನ್ನ ಹತ್ತಿರ ಉಳಿಯಿತು, ಇನ್ನೊಂದು ಅಮ್ಮನ ಹತ್ತಿರ. ನಮ್ಮ ಮನೆಯಲ್ಲಿ ಬೈಯುವುದು ತೆಲುಗಿನಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ. ಆದರೆ ಈ ಎರಡು ಮಾತುಗಳು ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬಂದರೂ ಒಂದನ್ನೊಂದು ಮಾತಾಡಿಸಲಿಲ್ಲ.

ಆಗ ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಬುಟ್ಟಿ ಇರುತ್ತಿತ್ತಲ್ಲ, ನಮ್ಮ ಬಾಟಲಿ ಅದರಲ್ಲಿ ಕೂತು ಪ್ರಯಾಣ ಮಾಡಿತು. ಹಸಿರು ಬಿಳಿ ಬುಟ್ಟಿ, ಮೇಲೆ ಒಂದು ಟವಲು. ಮುಳಬಾಗಿಲಿನ ಬಸ್ಸಿನಲ್ಲಿ ಕಂಡಕ್ಟರ್, "ಬುಟ್ಟಿ ಮೇಲಿಡಮ್ಮ, ದಾರೀಲಿ ಕಾಲಿಗೆ ಸಿಗ್ತದೆ" ಎಂದ.

"ಇಡಕ್ಕಾಗಲ್ಲಪ್ಪ. ನನ್ ಮಗನ್ಗೆ ಪೋಣಿಸೈತೆ."

ಅವನು ಬುಟ್ಟಿ ನೋಡಿದ. ಬುಟ್ಟಿಯಿಂದ ಹೊರಟ ಕೊಳವೆ ನೋಡಿದ. ಕೊಳವೆ ನನ್ನ ಅಂಗಿಯೊಳಗೆ ಹೋಗುವುದನ್ನು ನೋಡಿದ. ಆಮೇಲೆ ಮುಳಬಾಗಿಲು ಬರುವ ತನಕ ನಮ್ಮ ಸೀಟಿನ ಹತ್ತಿರ ಸುಳಿಯಲಿಲ್ಲ.

ಊರಿನ ಮನೆಗೆ ಬಂದದ್ದೇ ಅಮ್ಮ ಬಾಟಲಿಯ ಅಧಿಕಾರವನ್ನು ತಾನು ವಹಿಸಿಕೊಂಡಳು. "ಎರಡು ಹೊತ್ತು ಅಳಿಯೋದು ತಾನೇ? ನಾನು ಹುಟ್ಟಿದಾಗ್ಲಿಂದ ಮಾಡ್ತಾ ಇರೋದು ಅದೇಯ. ನೀನು ಒಲೆ ಕಡೆ ನೋಡ್ಕೊಳಮ್ಮ" ಎಂದು ರತ್ನಳನ್ನು ಒಳಗೆ ಕಳಿಸಿದಳು. ಹೊತ್ತಾರೆ ಹಸು ಕರೆದು, ಕೈಗೆ ಸೋಪು ಹಚ್ಚಿ ತೊಳೆದುಕೊಂಡು ನನ್ನ ಹತ್ತಿರ ಬರುವಳು. ಬಾಟಲಿ ಬಿಚ್ಚಿಕೊಂಡು ಹಿತ್ತಲಿಗೆ ಹೋಗಿ, ಲೋಟಕ್ಕೆ ಸುರಿದು ತಂದು ನನಗೆ ತೋರಿಸುವಳು. ಸಾಯಂಕಾಲವೂ ಅಷ್ಟೇ. ಹಸು ಮೊದಲು, ನಾನು ಆಮೇಲೆ.

ನೋಡಲು ಬಂದವರೆಲ್ಲ ನನ್ನ ಮುಖ ನೋಡುವ ಮೊದಲು ಬಾಟಲಿ ನೋಡುತ್ತಿದ್ದರು. ಸೆಕ್ರೆಟರಿ ವೆಂಕಟೇಶಪ್ಪನೂ ಬಂದ. ಮಂಚದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, "ಏನ್ ಮೇಷ್ಟ್ರೇ, ಎರಡು ಹೊತ್ತೂ ಹಾಕ್ತಾ ಇದೀರಂತೆ? ಫ್ಯಾಟು ಎಷ್ಟು ಬತ್ತೈತೆ?" ಎಂದ.

"ನಗಿಸ್ಬೇಡ ಕಣಯ್ಯ, ಕೊಯ್ದಿರೋ ಜಾಗ ಹಿಡ್ಕೊಳ್ತದೆ" ಎಂದು ನಾನು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡೆ.

ಅಮ್ಮ ಆಗತಾನೇ ಲೋಟ ತಂದಿದ್ದಳು. ಅವನು ಅದನ್ನು ಬೆಳಕಿಗೆ ಹಿಡಿದು, ಡೈರಿಯಲ್ಲಿ ಹಿಡಿಯುವ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡಿದ. "ಅಕ್ಕಯ್ಯಾ, ದಿನಾ ಇಳೀತಾ ಐತಲ್ಲ ಇದು? ಬತ್ತೋಗ್ತಾ ಐತೆ ಕಣಕ್ಕಯ್ಯಾ, ಮೇವು ಸಾಲ್ದು" ಎಂದು ನಕ್ಕು, ಕಾಫಿ ಕುಡಿದು ಹೋದ.

ನಾನು ಅದನ್ನು ಮರೆತೆ. ಆವತ್ತಿನಿಂದ ಊಟದ ರೀತಿ ಬದಲಾಯಿತು ಎಂಬುದನ್ನು ಮಾತ್ರ ಗಮನಿಸಿದೆ. ಗಂಜಿಯ ಜಾಗಕ್ಕೆ ಮುದ್ದೆ ಬಂತು, ಹುರುಳಿ ಸಾರು ಬಂತು. ಹುರುಳಿ ಬೇಯುತ್ತಿದ್ದುದು ಒಂದೇ ಪಾತ್ರೆಯಲ್ಲಿ. ಹಸುವಿಗೆ ಅರ್ಧ, ನನಗೆ ಅರ್ಧ. ನನ್ನದಕ್ಕೆ ಒಗ್ಗರಣೆ ಇರುತ್ತಿತ್ತು. "ಡಾಕ್ಟ್ರು ಗಂಜಿ ಅಂದವ್ರೆ ಅತ್ತೆ" ಎಂದು ರತ್ನ ಹೇಳಿದರೆ, "ಗಂಜಿ ಕುಡಿದ್ರೆ ಗಂಜಿಯಷ್ಟೇ ಬರ್ತದೆ ಕಣಮ್ಮ" ಎಂದು ಅಮ್ಮ ಉತ್ತರ ಕೊಟ್ಟಳು. ಅದೇನೆಂದು ನಮ್ಮಿಬ್ಬರಿಗೂ ಅರ್ಥವಾಗಲಿಲ್ಲ. ಅಮ್ಮನ ಎಷ್ಟೋ ಮಾತುಗಳ ಹಾಗೆ ಇದೂ ಒಂದು ಅಂದುಕೊಂಡೆವು.

ಲೋಟದಲ್ಲಿ ನೀರು ದಿನಾ ಇಳಿಯುತ್ತಾ ಬಂದಿತ್ತು. ಕೆಳಗಿನ ಗೀಟಿಗೆ ಇನ್ನೇನು ಬಂತು ಎಂದು ನಾನು ಮನಸ್ಸಿನಲ್ಲೇ ಕೋಲಾರಕ್ಕೆ ಹೋಗಿ, ಕೊಳವೆ ತೆಗೆಸಿಕೊಂಡು, ಶ್ರೀನಿವಾಸಪುರದ ಬೋರ್ಡಿನ ಮುಂದೆ ನಿಂತುಬಿಟ್ಟಿದ್ದೆ. ಒಂದು ಸಾಯಂಕಾಲ ಅಮ್ಮ ತಂದ ಲೋಟದಲ್ಲಿ ನೀರು ಮತ್ತೆ ಮೇಲಿನ ಗೀಟಿಗೆ ಏರಿತ್ತು. ಮಾರನೇ ದಿನವೂ ಅಲ್ಲೇ. ಅದರ ಮಾರನೇ ದಿನವೂ. ಬಣ್ಣ ಮಾತ್ರ ತೆಳುವಾಗುತ್ತಾ ದಾಳಿಂಬೆ ತೊಳೆದ ನೀರಿನಂತಾಗಿತ್ತು. ಇಳಿಯದಿದ್ದರೂ ಬನ್ನಿ ಎಂದಿದ್ದರಲ್ಲ ಸರ್ಜನ್. ಅಮ್ಮನ ಮುಖ ನೋಡಿದರೆ, ಅವಳು ನೆಮ್ಮದಿಯಿಂದ, "ಚೆನ್ನಾಗ್ ಬತ್ತಾ ಐತೆ, ಹೆದರ್ಬೇಡ" ಎಂದಳು. ಪಾಪ, ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ ಅಂದುಕೊಂಡೆ. ಅಪ್ಪನ ನೆನಪಾಗಿ ಅವಳೆದುರು ಬಾಯಿ ಬಿಡಲು ಆಗಲಿಲ್ಲ.

ಬುಟ್ಟಿಯ ಸಮೇತ ಮತ್ತೆ ಕೋಲಾರಕ್ಕೆ ಹೋದೆವು. ಬೆಳಿಗ್ಗೆಯ ನೀರನ್ನು ಒಂದು ಸೀಸೆಯಲ್ಲಿ ತುಂಬಿಸಿಕೊಂಡು ಅಮ್ಮನೇ ತಂದಿದ್ದಳು. ಸರ್ಜನ್ ಅದನ್ನು ಅಲ್ಲಾಡಿಸಿ ನೋಡಿದರು, ನನ್ನ ಹೊಟ್ಟೆ ಒತ್ತಿ ನೋಡಿದರು, ಹುಬ್ಬು ಗಂಟಿಕ್ಕಿದರು. ಈ ಹೊತ್ತಿಗೆ ಕಡಿಮೆಯಾಗಬೇಕಿತ್ತು, ಇಷ್ಟು ತೆಳ್ಳಗೆ ಇಷ್ಟೊಂದು ಬರುತ್ತಿದೆ ಅಂದರೆ ಒಳಗೆ ಬೇರೆ ಎಲ್ಲಿಂದಲೋ ಸೋರುತ್ತಿರಬೇಕು, ತೆರೆದು ನೋಡುವುದೇ ಒಳ್ಳೆಯದು ಎಂದರು. ಇಂಗ್ಲಿಷಿನಲ್ಲೇ ಹೇಳಿದರು. ಈ ಸಲ "ಎಸ್ ಸರ್" ಅನ್ನಲು ನನ್ನ ನಾಲಿಗೆ ಏಳಲಿಲ್ಲ.

"ಏನಂತೋ?" ಅಮ್ಮ ಕೇಳಿದಳು.

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನೀರು ಜಾಸ್ತಿ ಬರ್ತಾ ಇದೆಯಂತಮ್ಮ. ಮತ್ತೆ ಕೊಯ್ದು ನೋಡ್ಬೇಕಂತೆ."

"ಜಾಸ್ತಿನಾ? ಜಾಸ್ತಿ ಬರ್ಬಾರ್ದಾ?"

"ಬರ್ಬಾರ್ದು. ಕಮ್ಮಿ ಆದ್ರೆ ತಾನೇ ಕೊಳವೆ ತೆಗೆಯೋದು?"

ಅಮ್ಮ ಸೀಸೆಯನ್ನು ನೋಡಿದಳು, ಡಾಕ್ಟರನ್ನು ನೋಡಿದಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಆಮೇಲೆ ತೆಗೆದು, ನಮ್ಮಿಬ್ಬರಿಗೂ ಅಲ್ಲದೆ ಎದುರಿನ ಗೋಡೆಗೆ ಎಂಬಂತೆ ಹೇಳಿದಳು: "ಅದು ಇವನ್ ನೀರಲ್ಲ ಸ್ವಾಮಿ. ನಾನ್ ಬೆರೆಸಿದ್ದು."

ಸರ್ಜನ್‌ಗೆ ಅರ್ಥವಾಗಲಿಲ್ಲ. "ಏನ್ ಬೆರೆಸಿದ್ರಿ?"

"ನೀರು. ಬಾವಿ ನೀರು. ಕೊಳವೆಗಲ್ಲ, ಲೋಟಕ್ಕೆ. ದಿನಾ ದಿನಾ ಬತ್ತೋಗ್ತಾ ಇತ್ತು. ಒಳಗೆ ನಿಂತ್ರೆ ಕೀವಾಗ್ತದೆ ಅಂತ ಆ ಯಮ್ಮ ಹೇಳಿದ್ಲು. ಕಮ್ಮಿ ತಕ್ಕೊಂಡ್ ಬಂದ್ರೆ ನೀವು ಒಳಗೆ ನಿಂತೈತೆ ಅಂತ ಮತ್ತೆ ಕೊಯ್ತೀರಲ್ಲ. ಅದ್ಕೇ, ಮೇಲಿನ ಗೀಟಿಗೆ ಬರೋವಷ್ಟು..."

ಸರ್ಜನ್ ಕುರ್ಚಿಗೆ ಒರಗಿದರು. ಅವರ ಭುಜ ಮೊದಲು ನಗತೊಡಗಿತು, ಮುಖ ಆಮೇಲೆ ಸೇರಿಕೊಂಡಿತು. ಅಮ್ಮ ನಗಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಅಜ್ಜಿ, ಸಾಯಂಕಾಲದವರೆಗೂ ಇಲ್ಲೇ ಕೂತಿರಿ. ಹೊಸ ಬಾಟಲಿ ಕಟ್ಟಿಸ್ತೀನಿ. ಆದ್ರೆ ನೀವು ಆ ಬೆಂಚಿನಲ್ಲಿ, ಬಾಟಲಿ ಈ ಬೆಂಚಿನಲ್ಲಿ" ಎಂದರು.

ಹಾಗೆ ಕೂತೆವು. ಅಮ್ಮ ಎದುರಿನ ಬೆಂಚಿನ ತುದಿಯಲ್ಲಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಕೈ ಅಲ್ಲಿಂದ ಎದ್ದರೆ ಎಲ್ಲಿ ತಪ್ಪಾಗುತ್ತದೋ ಎಂಬಂತೆ ಕೂತಿದ್ದಳು. ನೊಣ ಬಂದರೂ ಓಡಿಸಲಿಲ್ಲ. ಬಾಟಲಿಗೆ ಒಂದು ತೊಟ್ಟು ಬಿದ್ದಾಗ ಅವಳ ಮುಖ ಸಣ್ಣಗಾಗುತ್ತಿತ್ತು. ಹೊತ್ತು ಇಳಿದಾಗ ಸರ್ಜನ್ ಬಂದು ಬಾಟಲಿ ಎತ್ತಿದರು. ತಳ ಒದ್ದೆಯಾಗಿತ್ತು, ಅಷ್ಟೇ. "ಉಸಿರು ಬಿಗಿಹಿಡೀರಿ ಮೇಷ್ಟ್ರೇ" ಎಂದರು. ಹುಣಸೆಹಣ್ಣಿನಿಂದ ನಾರು ಎಳೆದ ಹಾಗೆ ಒಂದೇ ಸಲ ಎಳೆದುಬಿಟ್ಟರು. ನಾನು ಕೂಗಿಕೊಳ್ಳುವುದಕ್ಕೆ ಮೊದಲೇ ಅಮ್ಮ ಕೂಗಿಕೊಂಡಳು.

ವಾಪಸ್ಸು ಬರುವಾಗ ಬುಟ್ಟಿಯಲ್ಲಿ ಟವಲು ಮಾತ್ರ ಇತ್ತು. ಅಮ್ಮ ಬಹಳ ದೂರ ಕಿಟಕಿಯ ಹೊರಗೆ ನೋಡುತ್ತಾ ಬಂದು, ಊರು ಹತ್ತಿರವಾದಾಗ ನನ್ನ ಕಿವಿಯ ಹತ್ತಿರ ಬಾಗಿದಳು.

"ಊರಲ್ಲಿ ಯಾರ್ಗೂ ಹೇಳ್ಬೇಡ ಕಣೋ."

"ಏನ್ನ?"

"ನೀರ್ ಬೆರೆಸಿದ್ದು. ಗ್ವತ್ತಾದ್ರೆ ನಾಳೆಯಿಂದ ನನ್ ಹಾಲ್ಗೆ ಮೀಟ್ರು ಇಕ್ತಾರೆ."

ನಾನು ನಗಲು ಹೋದವನು ಅವಳ ಮುಖ ನೋಡಿ, "ಹೇಳಲ್ಲಮ್ಮ" ಎಂದೆ. ನೊರೆ ನೆಕ್ಕುವ ಮಗನನ್ನು ಎದುರಿಗಿಟ್ಟುಕೊಂಡು ಒಂದು ತೊಟ್ಟು ಬೆರೆಸದವಳು, ಅಷ್ಟು ವರ್ಷದ ಮೇಲೆ, ಹಿತ್ತಲಿನಲ್ಲಿ ಯಾರೂ ನೋಡದ ಹಾಗೆ ಬೆರೆಸಿದ್ದಳು.

ಮಾರನೇ ಬೆಳಿಗ್ಗೆ, ನಡೆದಾಡಬೇಕು ಅಂತ ಡಾಕ್ಟರ್ ಹೇಳಿದ್ದರಿಂದ, ಅಮ್ಮನ ಹಿಂದೆ ನಾನೂ ಡೈರಿಯವರೆಗೆ ಹೋದೆ. ಅವಳ ಸರದಿ ಬಂತು. ಕ್ಯಾನನ್ನು ಮೇಜಿನ ಮೇಲಿಟ್ಟು, ಅದರ ಮೇಲಿನ ಕೈ ತೆಗೆಯದೆ, "ಮೀಟ್ರು ಇಕ್ಕಪ್ಪ" ಎಂದಳು.

ವೆಂಕಟೇಶಪ್ಪ ತಲೆಯೆತ್ತಿದ. "ಯಾರ್ ಹಾಲ್ಗೆ?"

"ನನ್ ಹಾಲ್ಗೆ."

"ಏನಾಯ್ತಕ್ಕಯ್ಯಾ? ಯಾರಾದ್ರೂ ಏನಾದ್ರೂ ಅಂದ್ರಾ?"

"ಇಕ್ಕು ಅಂದ್ರೆ ಇಕ್ಕು."

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಅವನು ಗಾಜಿನ ಕಡ್ಡಿಯನ್ನು ಒರೆಸಿ, ಹಾಲಿನಲ್ಲಿ ಬಿಟ್ಟ. ಅದು ಒಂದು ಸಲ ಮುಳುಗುವಂತೆ ಮಾಡಿ, ಮೇಲೆದ್ದು, ಅತ್ತಿತ್ತ ಓಲಾಡಿ, ತಲೆಯೆತ್ತಿ ನಿಂತಿತು. ಅಮ್ಮ ಅದನ್ನೇ ನೋಡುತ್ತಿದ್ದಳು.

"ನೀರೈತಾ?"

"ಎಲ್ಲಿಂದ ಬರ್ಬೇಕು ಅಕ್ಕಯ್ಯಾ? ಡಿಗ್ರಿ ಸರಿಯಾಗೈತೆ."

ಅಮ್ಮ ಈಗ ಕೈ ತೆಗೆದಳು. ನನಗೆ ಎಲ್ಲಿಂದಲೋ ನಗು ಉಕ್ಕಿಬಂತು. ತಡೆದುಕೊಳ್ಳಲು ಎಡಗೈ ಹೊಟ್ಟೆಗೆ ಹೋಯಿತು. ಅಲ್ಲಿ ಹೊಟ್ಟೆ ಇರಲಿಲ್ಲ. ಕೈ ಗಾಳಿಯಲ್ಲಿ ತಡವರಿಸಿ ಕೆಳಗೆ ಬಿದ್ದದ್ದನ್ನು ಅಮ್ಮ ನೋಡಿಬಿಟ್ಟಳು. ಖಾಲಿ ಕ್ಯಾನನ್ನು ಸೊಂಟಕ್ಕೆ ಏರಿಸಿ, "ನಡಿ" ಎಂದಳು, "ಮನೆಗೋಗಿ ಉಣ್ಣುವಂತೆ."